ಜೇಬಂಗಿಯಲ್ಲಿ ಲವಂಗದ ವಾಸನೆ

ಈ ಸಲ ಛಾಯಾಗ್ರಾಹಕರ ಸಂಘದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ತಮ್ಮದೇ ಎಂದು ವಿಮಾ ಇನ್ಸ್‌ಪೆಕ್ಟರು ಊಟದ ಮೇಜು ಕುಟ್ಟಿ ಘೋಷಿಸಿದರು. ಪ್ರತಿ ವರ್ಷ ಅದನ್ನು ಹೊತ್ತುಕೊಂಡು ಹೋಗುತ್ತಿದ್ದವರು ಮೇಲ್ಮಹಡಿಯ ದಂತವೈದ್ಯರು. ಮೆಟ್ಟಿಲ ಬಳಿ ಸಿಕ್ಕಾಗಲೆಲ್ಲ ಹಲ್ಲು ಕಿರಿದು, "ಏನ್ ಸಾರ್, ಹಕ್ಕಿ ಸಿಕ್ತಾ?" ಎಂದು ಕೆಣಕುವುದು ಅವರ ಚಾಳಿ. ಕೆರೆಯ ಪಕ್ಕದ ಪಾರ್ಕಿನಲ್ಲಿ ಒಂದು ಹಳದಿ ಹಕ್ಕಿ ಇತ್ತು. ಇನ್ಸ್‌ಪೆಕ್ಟರನ್ನು ಕಂಡರೆ ಸಾಲ ಕೇಳಲು ಬಂದವರನ್ನು ಕಂಡಂತೆ ಮಾಯವಾಗುತ್ತಿತ್ತು. ಅದರ ಚಿತ್ರ ಸಿಕ್ಕರೆ ವೈದ್ಯರ ಸೊಕ್ಕು ಮುರಿದಂತೆಯೇ.

ಅದಕ್ಕೆಂದೇ ಹೊಸ ಜಾಕೆಟ್ ಬಂತು. ಕಾಡುಮೇಡು ಅಲೆಯುವ ಫೋಟೋಗ್ರಾಫರುಗಳು ತೊಡುವ ಖಾಕಿ ಬಣ್ಣದ ಹತ್ತಿಬಟ್ಟೆಯದು, ತೋಳಿಲ್ಲದ್ದು. ಎದೆಗೆ ಜೇಬು, ಹೊಟ್ಟೆಗೆ ಜೇಬು, ಬೆನ್ನಿಗೂ ಜೇಬು. ಜೇಬಿನೊಳಗೆ ಕೈ ಹಾಕಿದರೆ ಅಲ್ಲೊಂದು ಮರಿ ಜೇಬು.

"ಜಾಕೆಟ್‌ಗೆ ಜೇಬು ಹೊಲಿದಿದ್ದಾರೋ, ಜೇಬುಗಳನ್ನೇ ಸೇರಿಸಿ ಜಾಕೆಟ್ ಮಾಡಿದ್ದಾರೋ?" ಎಂದಳು ಹೆಂಡತಿ. ಅವತ್ತಿನಿಂದ ಅದಕ್ಕೆ ಜೇಬಂಗಿ ಎಂದೇ ಹೆಸರಾಯಿತು.

"ನಿನಗೆ ಅರ್ಥ ಆಗಲ್ಲ. ಲೆನ್ಸಿಗೊಂದು, ಬ್ಯಾಟರಿಗೊಂದು. ಎಲ್ಲಾ ಕೈಗೆ ಸಿಗೋ ಹಾಗಿರತ್ತೆ."

"ಎರಡೇ ಜೇಬಿನ ಪ್ಯಾಂಟಲ್ಲೇ ನಿಮಗೆ ಬೀಗದ ಕೈ ಸಿಗಲ್ಲ."

ಮಂಡಿನೋವಿನ ಚಿಕಿತ್ಸೆಗೆಂದು ಬಂದು ಉಳಿದಿದ್ದ ಅತ್ತೆ ಮಾತ್ರ ಬಟ್ಟೆಯನ್ನು ಸವರಿ ನೋಡಿ, "ಚೆನ್ನಾಗಿದೆ ಅಳಿಯಂದ್ರೇ" ಎಂದರು. ಮನೆಯಲ್ಲಿ ಒಬ್ಬರಿಗಾದರೂ ಅಭಿರುಚಿ ಇದೆಯಲ್ಲ ಎಂದು ಇನ್ಸ್‌ಪೆಕ್ಟರು ಹಿಗ್ಗಿದರು.

ಹಿಗ್ಗು ಬಹಳ ದಿನ ಉಳಿಯಲಿಲ್ಲ. ಒಂದು ಸಂಜೆ ಲೆನ್ಸಿನ ಜೇಬಿನಲ್ಲಿ ನಾಲ್ಕು ನವಣೆ ಕಾಳು ಸಿಕ್ಕವು. ಮರುದಿನ ಬ್ರೆಡ್ಡಿನ ಪುಡಿ. ಯಾರೋ ತಮ್ಮ ಜಾಕೆಟ್ ತೊಡುತ್ತಿದ್ದಾರೆ! ಇನ್ಸ್‌ಪೆಕ್ಟರ ಮೂಗು ಸಾಮಾನ್ಯದ್ದಲ್ಲ. ಸುಟ್ಟ ಅಂಗಡಿಯ ಬೂದಿ ಮೂಸಿ, ಬೆಂಕಿ ತಾನಾಗಿ ಬಿದ್ದದ್ದೋ ಮಾಲೀಕನೇ ಇಟ್ಟದ್ದೋ ಹೇಳಬಲ್ಲ ಮೂಗು. ಅದನ್ನು ಕಾಲರಿಗೆ ತಗುಲಿಸಿ ಉಸಿರೆಳೆದರು. ಲವಂಗದ ವಾಸನೆ. ಹಲ್ಲುನೋವಿಗೆ ಲವಂಗದೆಣ್ಣೆ. ಲವಂಗದೆಣ್ಣೆ ಇರುವುದು ಯಾರ ಹತ್ತಿರ? ಅಲ್ಲಿಗೆ ತನಿಖೆ ಮುಗಿಯಿತು.

"ನಾನು ಆಫೀಸಿಗೆ ಹೋದ್ಮೇಲೆ ಮೇಲಿನ ಡಾಕ್ಟರು ಬರ್ತಾರಾ?"

ಹೆಂಡತಿ ಕೈಯಲ್ಲಿದ್ದ ಸೌಟನ್ನು ನಿಧಾನವಾಗಿ ಕೆಳಗಿಟ್ಟಳು. "ಯಾಕೆ ಬರ್ತಾರೆ?"

"ನನ್ನ ಜಾಕೆಟ್ ಹಾಕ್ಕೊಳ್ಳೋಕೆ."

"ನಿಮ್ಮ ತಲೆ ನೆಟ್ಟಗಿದೆ ತಾನೇ?" ಎಂದವಳು ಅಮ್ಮನ ಕಡೆ ನೋಡಿ ಕಿಸಕ್ಕನೆ ನಕ್ಕಳು. ಅತ್ತೆ ಕಿಟಕಿಯಾಚೆ ನೋಡತೊಡಗಿದರು. ಈ ನಗುವಿನಲ್ಲಿ ಏನೋ ಮಸಲತ್ತಿದೆ ಎಂದು ಇನ್ಸ್‌ಪೆಕ್ಟರಿಗೆ ಅನ್ನಿಸಿತು. ಮನೆಯವರೇ ವೈರಿಯ ಪಾಳೆಯ ಸೇರಿದರೆ ಯಾರಿಗೆ ಹೇಳುವುದು? ಅಂದಿನಿಂದ ಮೇಲೆ ಕುರ್ಚಿ ಸರಿದ ಸದ್ದಾದರೂ ಅವರ ಕಿವಿ ನಿಮಿರುತ್ತಿತ್ತು.

ಚಿತ್ರ ಒಪ್ಪಿಸಲು ಕಡೆಯ ದಿನ ಭಾನುವಾರ. ಹಾಳು ಚಿಂತೆಯಲ್ಲಿ ನಿದ್ದೆಗೆಟ್ಟು ಇನ್ಸ್‌ಪೆಕ್ಟರು ಎದ್ದದ್ದು ತಡವಾಗಿ. ನೋಡಿದರೆ ಗೂಟ ಖಾಲಿ, ಜೇಬಂಗಿ ಇಲ್ಲ. "ಹಗಲು ದರೋಡೆ!" ಎನ್ನುತ್ತ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ರಾತ್ರಿಯ ಪೈಜಾಮದಲ್ಲೇ ಪಾರ್ಕಿಗೆ ಓಡಿದರು.

ಕೆರೆಯ ಕಡೆಯ ಬೆಂಚಿನ ಮೇಲೆ ಖಾಕಿ ಬೆನ್ನು, ತಲೆಗೆ ಸುತ್ತಿದ ಮಫ್ಲರು. ಮುಖ ಮುಚ್ಚಿಕೊಂಡು ಬೇರೆ ಬಂದಿದ್ದಾನೆ, ಭೂಪ. ಇನ್ಸ್‌ಪೆಕ್ಟರು ಬೆಕ್ಕಿನ ಹೆಜ್ಜೆಯಲ್ಲಿ ಬೆಂಚಿನ ಪಕ್ಕಕ್ಕೆ ಬಂದು, "ಸಿಕ್ಕಿಬಿದ್ರಲ್ಲ ಡಾಕ್ಟ್ರೇ" ಎನ್ನಲು ಬಾಯಿ ತೆರೆದರು. ತೆರೆದ ಬಾಯಿ ತೆರೆದೇ ಉಳಿಯಿತು.

ಅತ್ತೆ ಲವಂಗ ಜಗಿಯುತ್ತ ಕೂತಿದ್ದರು. ಅವರ ಎದೆಯ ಜೇಬಿನ ಅಂಚಿನ ಮೇಲೆ ಆ ಹಳದಿ ಹಕ್ಕಿ, ಕೊಕ್ಕನ್ನು ಜೇಬಿಗೆ ತೂರಿಸಿ ನವಣೆ ಹೆಕ್ಕುತ್ತಿತ್ತು.

"ಒಂದು ಕೈಲಿ ಕೋಲು ಹಿಡಿದ್ರೆ ಇನ್ನೊಂದ್ರಲ್ಲಿ ಎಷ್ಟೂಂತ ಹೊರಲಿ?" ಎಂದರು ಅತ್ತೆ ಪಿಸುಮಾತಿನಲ್ಲಿ. "ನೀರು, ಮಾತ್ರೆ, ಕಾಳು, ಎಲ್ಲಾ ಇದ್ರಲ್ಲಿ ಹಿಡಿಯತ್ತೆ. ಅಳಿಯಂದ್ರು ಏಳೋದ್ರೊಳಗೆ ತಂದಿಡೋಣ ಅಂದ್ಕೊಂಡಿದ್ದೆ."

ಇನ್ಸ್‌ಪೆಕ್ಟರು ಕ್ಯಾಮೆರಾ ಎತ್ತಿ ಗುಂಡಿ ಒತ್ತಿದರು. ಉಸಿರಿಲ್ಲ. ಬ್ಯಾಟರಿ ಇದ್ದದ್ದು ಜೇಬಂಗಿಯಲ್ಲಿ.

"ಅತ್ತೆ... ಬ್ಯಾಟರಿ..."

"ಯಾವ ಜೇಬಲ್ಲಿದೆ?"

ಇನ್ಸ್‌ಪೆಕ್ಟರಿಗೆ ನೆನಪಾಗಲಿಲ್ಲ. ಅತ್ತೆ ಒಂದೊಂದೇ ಜೇಬು ಮುಟ್ಟುತ್ತ ಬಂದರು, ಹಕ್ಕಿ ಒಂದೊಂದೇ ಜೇಬು ಮುಂದಕ್ಕೆ ಕುಪ್ಪಳಿಸುತ್ತ ಹೋಯಿತು. ಜೇಬುಗಳು ಮುಗಿದವು, ಹಕ್ಕಿ ಹಾರಿತು. ಆಗ ಎದುರಿನ ಪೊದೆಯ ಹಿಂದಿನಿಂದ ಮಂಡಿಯ ಮಣ್ಣು ಕೊಡವುತ್ತ ದಂತವೈದ್ಯರು ಎದ್ದು ನಿಂತರು, ಕೈಯಲ್ಲಿ ಕ್ಯಾಮೆರಾ.

ಮೊದಲ ಬಹುಮಾನ ಅವರಿಗೇ ಬಂತು. ಗೋಡೆಯಗಲದ ಚಿತ್ರ: ಅತ್ತೆ, ಹಕ್ಕಿ, ಪಕ್ಕದಲ್ಲಿ ಪೈಜಾಮ ತೊಟ್ಟು ಬಾಯಿ ಬಿಟ್ಟು ನಿಂತ ಮನುಷ್ಯ. "ಅಂತೂ ಬಹುಮಾನದಲ್ಲಿ ನೀವೂ ಇದ್ದೀರಲ್ಲ, ಬಿಡಿ" ಎಂದಳು ಹೆಂಡತಿ. ಇನ್ಸ್‌ಪೆಕ್ಟರು ಅವಡುಗಚ್ಚಿ ವೈದ್ಯರ ಕೈ ಕುಲುಕಲು ಹೋದರು. ವೈದ್ಯರು ಅವರನ್ನು ಮೆಲ್ಲಗೆ ಪಕ್ಕಕ್ಕೆ ಕರೆದರು.

"ತಪ್ಪು ತಿಳ್ಕೋಬೇಡಿ ಸಾರ್. ಚಿತ್ರ ದೊಡ್ಡದು ಮಾಡ್ದಾಗ ಗೊತ್ತಾಯ್ತು. ನಿಮ್ಮ ಬಲಗಡೆ ಕೆಳದವಡೆ, ಕಡೇ ಹಲ್ಲು ಪೂರ್ತಿ ಹುಳುಕು. ನಾಳೆ ಬೆಳಿಗ್ಗೆ ಬಂದ್ಬಿಡಿ."