ಭಾವನ ವಾಚು, ಅತ್ತೆಯ ಕೈ

"ಈ ವಾಚು ನನ್ನ ಕೈಯಲ್ಲಿರೋ ತನಕ ಒಂದು ಕ್ಷಣ ನಿಂತ್ರೂ ನನ್ನ ಹೆಸರು ಬದಲಾಯಿಸಿಬಿಡಿ!"

ಊಟದ ಮೇಜಿನ ಮುಂದೆ ಎದೆ ತಟ್ಟಿ ಹೀಗೆ ಘೋಷಿಸಿದವರು ನಮ್ಮ ಸಲಹೆಗಾರರು. ಅವರ ನಿಜವಾದ ಹೆಸರು ಮನೆಯವರಿಗೇ ಮರೆತುಹೋಗಿತ್ತಾದ್ದರಿಂದ ಬದಲಾಯಿಸಿದರೂ ಯಾರಿಗೂ ನಷ್ಟವಿರಲಿಲ್ಲ. ವಿಮಾ ಕಚೇರಿಯಲ್ಲಿ ಕುರ್ಚಿಗೆ ಅಂಟಿಕೊಂಡು ಕೂರುವ ಕೆಲಸ, ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುವ ಚಟ. ಅದರಲ್ಲೂ ದುಬಾರಿ ವಾಚಿನ ವಿಷಯ ಬಂದರೆ ಮುಗಿದೇ ಹೋಯಿತು! "ಸೆಂಟು ಹಾಕ್ಕೊಂಡ ಮೇಲೆ ವಾಚು ಕಟ್ಟಬೇಕು, ಕಟ್ಟಿದ ಮೇಲೆ ಸೆಂಟು ಹಾಕಬಾರ್ದು! ಬಿಸಿನೀರಿನ ಸ್ನಾನಕ್ಕೆ ವಾಚು ಬೇಡ! ಗಾಜು ಕೆಳಗೆ ಮಾಡಿ ಇಡೋರಿಗೆ ಜೈಲಾಗಬೇಕು!" ಎಂದು ಗುಡುಗುತ್ತಿದ್ದರು. ಆದರೆ ಅವರ ಮಣಿಕಟ್ಟಿನಲ್ಲಿ ಇದ್ದದ್ದು ಫುಟ್‌ಪಾತಿನಲ್ಲಿ ಕೊಂಡ ಪ್ಲಾಸ್ಟಿಕ್ ವಾಚು.

ಇಂಥವರ ಕೈಗೆ ನಿಜವಾದ ರಾಜ ವಾಚು ಬಂದದ್ದು ಹೆಂಡತಿಯ ಅಣ್ಣನಿಂದ. ಭಾವ ಆಸ್ಪತ್ರೆಗಳಲ್ಲಿ ಸ್ಕ್ಯಾನಿಂಗ್ ಯಂತ್ರ ಕೂರಿಸುವ ಎಂಜಿನಿಯರು. ಆ ಯಂತ್ರದೊಳಗಿನ ಭಾರೀ ಆಯಸ್ಕಾಂತದ ಹತ್ತಿರ ಇಂಥ ವಾಚು ಹೋದರೆ ಕೆಟ್ಟೇಹೋಗುತ್ತದೆ. ಹಾಗಾಗಿ ದೂರದ ಊರಿಗೆ ಕೆಲಸಕ್ಕೆ ಹೊರಟವರು ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟರು.

"ಇದಕ್ಕೆ ಸೆಲ್ಲೂ ಇಲ್ಲ, ಕೀ ಕೊಡೋ ಹಾಗೂ ಇಲ್ಲ. ಕೈ ಆಡಿದ್ರೆ ಓಡುತ್ತೆ, ಕೈ ಸುಮ್ನಿದ್ರೆ ನಿಂತುಬಿಡುತ್ತೆ. ಇಲ್ಲಿ ಒಳಗೆ ಪುಟ್ಟ ಮುಳ್ಳಿದೆ ನೋಡಿ, ಪೆಟ್ರೋಲ್ ಎಷ್ಟಿದೆ ಅಂತ ತೋರ್ಸೋ ಹಾಗೆ. ಅದು ಕೆಂಪಿಗೆ ಇಳೀಬಾರ್ದು. ಒಂದ್ಸಲ ನಿಂತ್ರೆ ತಾರೀಖು, ತಿಂಗಳು, ಹುಣ್ಣಿಮೆ ಅಮಾವಾಸ್ಯೆ ತೋರ್ಸೋ ಚಂದ್ರ ಎಲ್ಲಾ ತಪ್ಪಿ, ಸರಿಮಾಡಿಸೋಕೆ ತಯಾರಿಸಿದವರ ಹತ್ರಾನೇ ಕಳಿಸ್ಬೇಕು. ನೀವು ದಿನಾ ಬೆಳಗ್ಗೆ ಪಾರ್ಕ್ ಸುತ್ತ ಅಷ್ಟು ನಡೀತೀರಂತಲ್ಲ, ಅದಕ್ಕೇ ನಿಮ್ಮ ಕೈಗೆ ಕೊಡ್ತಿದ್ದೀನಿ."

"ನಡಿಗೇನಾ? ಬಿರುಗಾಳಿ ಅಣ್ಣ! ಬೆವರು ಸುರಿಸ್ಕೊಂಡೇ ಮನೆಗೆ ಬರೋದು," ಎಂದಳು ಹೆಂಡತಿ. ಅವಳು ಶಾಲೆಯಲ್ಲಿ ವ್ಯಾಯಾಮದ ಟೀಚರು. ಕೊರಳಲ್ಲಿ ಸದಾ ಸೀಟಿ. ಸಲಹೆಗಾರರಿಗೆ ಬಿ.ಪಿ. ಇದೆ, ನಡೆದರೆ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ ದಿನದಿಂದ ಅವರನ್ನು ಬೆಳಗಾಗುತ್ತಲೇ ಬೂಟು ತೊಡಿಸಿ ಹೊರಗೆ ತಳ್ಳುತ್ತಿದ್ದವಳು ಅವಳೇ.

ಆ ಮಾತಿನ ಹುಮ್ಮಸ್ಸಿನಲ್ಲೇ ಸಲಹೆಗಾರರು ಮೊದಲಿನ ಆ ಘೋಷಣೆ ಮಾಡಿದ್ದು. ಸತ್ಯ ಬೇರೆಯೇ ಇತ್ತಲ್ಲ! ಅವರ ಬಿರುಗಾಳಿ ಪಾರ್ಕಿನ ಗೇಟಿನೊಳಗಿನ ಮೊದಲ ಬೆಂಚಿನವರೆಗೆ ಮಾತ್ರ ಬೀಸುತ್ತಿತ್ತು. ಅಲ್ಲಿ ಕೂತು ಪೇಪರನ್ನು ಕ್ರೀಡಾಪುಟದ ತನಕ ಓದಿ, ಹೊರಡುವಾಗ ನಲ್ಲಿಗೆ ಕೈಯೊಡ್ಡಿ ಕತ್ತಿಗೂ ಅಂಗಿಗೂ ನೀರು ಚಿಮುಕಿಸಿಕೊಂಡು, ಏದುಸಿರು ಬಿಡುತ್ತಾ ಮನೆಗೆ ಬರುತ್ತಿದ್ದರು. ಬೆವರೇನೋ ಇತ್ತು, ಆದರೆ ಅದು ಪುರಸಭೆಯದು!

ಭಾವ ಹೊರಟ ಮರುದಿನವೇ ಪುಟ್ಟ ಮುಳ್ಳು ಇಳಿಯತೊಡಗಿತು. ಅದರ ಮರುದಿನ ಕೆಂಪಿನ ಅಂಚಿಗೇ ಬಂದು ನಿಂತಿತು. ವಾಚು ನಿಂತರೆ ಭಾವ ಕೇಳುತ್ತಾರೆ, ದಿನಾ ನಡೆಯುವವನ ಕೈಯಲ್ಲಿ ಅದು ಹೇಗೆ ನಿಂತಿತೆಂದು ಹೆಂಡತಿ ಕೇಳುತ್ತಾಳೆ. ಆ ಎರಡನೇ ಪ್ರಶ್ನೆಯನ್ನು ನೆನೆದೇ ಅವರಿಗೆ ನಿಜವಾದ ಬೆವರು ಬಂತು.

ನಡೆದೇ ನೋಡೋಣವೆಂದು ವೀರಾವೇಶದಿಂದ ಹೊರಟರು. ಅರ್ಧ ಸುತ್ತಿಗೇ ಕಾಲು ಕೈಕೊಟ್ಟಿತು. ಕಚೇರಿಯಲ್ಲಿ ಮೇಜಿನ ಕೆಳಗೆ ಕೈಯಿಟ್ಟು ಗಡಗಡ ಅಲ್ಲಾಡಿಸಿದರು. ಪಕ್ಕದ ಟೈಪಿಸ್ಟಮ್ಮ ಹೆದರಿ, "ಯಾಕ್ ಸಾರ್, ಚಳಿಜ್ವರಾನಾ?" ಎಂದು ಕಿಟಕಿ ಮುಚ್ಚಿದರು. ಯಾರಿಗೂ ಬೇಡವಾದ ಶನಿವಾರದ ಕೆಲಸಕ್ಕೆ ಯಾರು ಬರುತ್ತೀರೆಂದು ಮ್ಯಾನೇಜರು ಕೇಳುತ್ತಿದ್ದಾಗ ಕೈ ಮೇಲೆತ್ತಿ ಅಲ್ಲಾಡಿಸಿದ್ದಕ್ಕೆ, ಇವರು ತಾವಾಗಿ ಮುಂದೆ ಬಂದರೆಂದು ಅವರು ಹೆಸರು ಬರೆದುಕೊಂಡರು! ಭುಜ ಹಿಡಿದುಕೊಂಡಿತು, ಮುಳ್ಳು ಮಾತ್ರ ಅಲ್ಲೇ ಇತ್ತು.

ಸಂಜೆ ಸೋತು ಸೋಫಾದಲ್ಲಿ ಬಿದ್ದಿದ್ದಾಗ ಅಡುಗೆಮನೆಯಿಂದ ದಬದಬ ಸದ್ದು ಕೇಳಿಸಿತು. ಮಗಳ ಮನೆಯಲ್ಲೇ ಇದ್ದ ಅತ್ತೆ ಹಿಟ್ಟು ನಾದುತ್ತಿದ್ದರು. ಆಹಾ, ಎಂಥ ಕೈ! ನಾದುವುದು, ಉಜ್ಜುವುದು, ಒರೆಸುವುದು, ಫೋನಿನಲ್ಲಿ ತಂಗಿಯ ಜೊತೆ ಜಗಳವಾಡುವಾಗಲೂ ಗಾಳಿಯಲ್ಲಿ ಬೀಸುವುದು! ಮನೆಯಲ್ಲೇ ವಿದ್ಯುತ್ ಸ್ಥಾವರವಿರುವಾಗ ನಾನ್ಯಾಕೆ ಕತ್ತಲಲ್ಲಿ ಕೂರಲಿ ಎಂದು ಸಲಹೆಗಾರರು ಚಂಗನೆ ಎದ್ದರು.

"ಅತ್ತೆ, ಈ ವಾಚು ಸ್ವಲ್ಪ ನೀವು ಕಟ್ಕೊಳ್ಳಿ."

"ಗಂಡಸರ ವಾಚು ನನಗ್ಯಾಕೆ ಅಳಿಯಂದ್ರೇ?"

ಇಲ್ಲಿ ಅವರ ನಾಲಿಗೆ ಹಳೇ ಚಟಕ್ಕೆ ಬಿದ್ದಿತು. "ಇದು ಬರೀ ವಾಚಲ್ಲ ಅತ್ತೆ! ಕಟ್ಕೊಂಡ್ರೆ ಬಿ.ಪಿ. ಇಳಿಯುತ್ತೆ. ಹೊರದೇಶದಲ್ಲಿ ಎಲ್ಲಾ ಹೀಗೇ ಮಾಡೋದು. ಆದ್ರೆ ಯಾರಿಗೂ ಹೇಳ್ಬಾರ್ದು, ನನ್ನ ಹೆಸರನ್ನಂತೂ ಎತ್ತಲೇಬಾರ್ದು, ಎತ್ತಿದ್ರೆ ಗುಣ ಹೋಗುತ್ತೆ."

ಅತ್ತೆಗೂ ಬಿ.ಪಿ. ಇತ್ತು. ಅಳಿಯನ ಕಾಳಜಿಗೆ ಅವರ ಕಣ್ಣು ತುಂಬಿಬಂತು. ಅಂದಿನಿಂದ ಹೆಂಡತಿ ಶಾಲೆಗೆ ಹೊರಟೊಡನೆ ವಾಚು ಅತ್ತೆಯ ಕೈಗೆ, ಅವಳು ಬರುವ ಹೊತ್ತಿಗೆ ಮತ್ತೆ ಅಳಿಯನ ಕೈಗೆ. ಮುಳ್ಳು ತುತ್ತತುದಿಗೆ ಏರಿ ಕೂತಿತು. ಹೆಂಡತಿ ಅದನ್ನು ನೋಡಿ, "ರೀ, ನಿಮ್ಮ ಬಗ್ಗೆ ನನಗೆ ಹೆಮ್ಮೆ ಆಗ್ತಿದೆ," ಎಂದಾಗ ಸಲಹೆಗಾರರು ನಾಚಿ ತಲೆ ತಗ್ಗಿಸಿದರು.

ಭಾವ ವಾಪಸಾಗುವ ಭಾನುವಾರ ಬಂತು. ಹೆಂಡತಿ ಬೆಳಗ್ಗೆಯೇ ತರಕಾರಿಗೆ ಹೋಗಿದ್ದರಿಂದ ವಾಚು ಅತ್ತೆಯ ಕೈಯಲ್ಲಿತ್ತು. ಗೇಟಿನ ಹತ್ತಿರ ಹೆಂಡತಿಯ ದನಿ ಕೇಳಿತು. "ಅರೇ ಅಣ್ಣ, ಇಷ್ಟು ಬೇಗ ಬಂದ್ಬಿಟ್ಯಾ!"

ಸಲಹೆಗಾರರು ಅಡುಗೆಮನೆಗೆ ಹಾರಿದರು. "ಅತ್ತೆ! ವಾಚು! ಬೇಗ!"

"ಕೊಡಲ್ಲ ಅಳಿಯಂದ್ರೇ. ಮಗನ ಹತ್ರ ಕೇಳಿ ಇಟ್ಕೊಂಡುಬಿಡ್ತೀನಿ. ಎಷ್ಟು ಹಿತವಾಗಿದೆ ಅಂತೀರಿ! ಮಾತ್ರೇನೂ ಬಿಟ್ಟುಬಿಟ್ಟಿದ್ದೀನಿ."

"ಏನು ಬಿಟ್ಟಿದ್ದೀರಿ?"

"ಬಿ.ಪಿ. ಮಾತ್ರೆ. ವಾಚೂ ಮಾತ್ರೇನೂ ಎರಡೂ ಸೇರಿ ತೀರಾ ಇಳಿದುಬಿಟ್ರೆ ಏನು ಗತಿ?" ಎಂದು ನಕ್ಕ ಅತ್ತೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. "ನಿನ್ನೆಯಿಂದ ತಲೆ ಮಾತ್ರ ಗಿರ್ರ್ ಅಂತಿದೆ."

ಅತ್ತೆಯ ಮುಖ ಕೆಂಪೇರಿತ್ತು, ಹಣೆ ಬೆವೆತಿತ್ತು. ಈ ಬೆವರು ನಲ್ಲಿಯದಲ್ಲ. "ಮೊದಲು ಮಾತ್ರೆ ತಗೊಳ್ಳಿ ಅತ್ತೆ, ದಮ್ಮಯ್ಯ!" ಎಂದರು.

"ಅವತ್ತು ವಾಚು ಅಂದ್ರಿ, ಇವತ್ತು ಮಾತ್ರೆ ಅಂತೀರಿ. ಇರಿ, ಮಗನ್ನೇ ಕೇಳೋಣ."

ಅಷ್ಟರಲ್ಲಿ ಅಣ್ಣ ತಂಗಿ ಇಬ್ಬರೂ ಒಳಗೆ ಬಂದಾಗಿತ್ತು. ಹಿಟ್ಟು ಮೆತ್ತಿದ ಅಮ್ಮನ ಕೈಯಲ್ಲಿ ತನ್ನ ವಾಚು ಕಂಡು ಭಾವ ಚೀಲವನ್ನು ಅಲ್ಲೇ ಇಳಿಸಿದರು.

"ಅಮ್ಮಾ, ಇದು ನಿನ್ನ ಕೈಗೆ ಹೇಗೆ ಬಂತು?"

"ಬಿ.ಪಿ.ಗೆ ಕಣೋ. ಮಾತ್ರೆ ಬಿಟ್ಟು ಇದನ್ನ ಕಟ್ಕೊಂಡಿದ್ದೀನಿ."

"ಬಿ.ಪಿ.ಗೆ ವಾಚಾ? ಯಾವ ತಲೆಕೆಟ್ಟವನು ಹೇಳಿದ್ದು?"

"ಅದು ಹೇಳೋ ಹಾಗಿಲ್ಲ," ಎಂದು ಅತ್ತೆ ತುಟಿ ಬಿಗಿದರು.

ಮಗಳು ಮಾತ್ರೆಯ ಡಬ್ಬಿ ಹಿಡಿದು ಗೋಗರೆದಳು. ಮಗ ಗದರಿದ. ಅತ್ತೆ ಬಾಯಿ ಬಿಡಲಿಲ್ಲ, ಹೆಸರಿಗೂ ಇಲ್ಲ, ಮಾತ್ರೆಗೂ ಇಲ್ಲ. "ನಂಬಿಕೆಯವರು ಹೇಳಿದ್ದಾರೆ," ಎಂದಷ್ಟೇ ಹೇಳಿ ಕುರ್ಚಿಯಲ್ಲಿ ಕುಸಿದು ಕೂತರು. ಸಲಹೆಗಾರರು ಸುಮ್ಮನಿದ್ದರೆ ಸಾಕಿತ್ತು, ಅವರ ಗುಟ್ಟು ಆ ಮುಚ್ಚಿದ ಬಾಯಲ್ಲಿ ಭದ್ರವಾಗಿತ್ತು. ಆದರೆ ತನ್ನನ್ನು ಕಾಪಾಡಲು ತಲೆ ಸುತ್ತುತ್ತಾ ಕೂತಿರುವ ಆ ಜೀವವನ್ನು ನೋಡುತ್ತಾ ಸುಮ್ಮನಿರಲು ಅವರಿಂದಾಗಲಿಲ್ಲ.

"ನಾನು! ಆ ತಲೆಕೆಟ್ಟವನು ನಾನೇ! ವಾಚಿಂದ ಯಾವ ಬಿ.ಪಿ.ನೂ ಇಳಿಯಲ್ಲ ಅತ್ತೆ. ಸುಳ್ಳು ಹೇಳಿದೆ. ನುಂಗಿ, ಕೈಮುಗೀತೀನಿ!"

"ಸುಳ್ಳಾ? ಯಾಕೆ ಅಳಿಯಂದ್ರೇ?"

"ನನ್ನ ಕೈಯಲ್ಲಿ ಅದು ಓಡ್ತಿರಲಿಲ್ಲ. ಯಾಕಂದ್ರೆ... ನಾನು ನಡೀತಿರಲಿಲ್ಲ." ಆಮೇಲೆ ಬೆಂಚು, ಪೇಪರು, ನಲ್ಲಿ ಎಲ್ಲವೂ ಒಂದರ ಹಿಂದೊಂದು ಹೊರಬಿತ್ತು.

ಅತ್ತೆ ಗುಟುಕ್ಕನೆ ಮಾತ್ರೆ ನುಂಗಿದರು. ಡಾಕ್ಟರು ಮನೆಗೇ ಬಂದು ಪರೀಕ್ಷಿಸಿ, ಗಾಬರಿಯಿಲ್ಲ, ಮಲಗಲಿ ಎಂದರು. ಸಂಜೆಯ ಹೊತ್ತಿಗೆ ತಲೆಸುತ್ತು ನಿಂತಿತು. ಅಲ್ಲಿಯವರೆಗೂ ಸಲಹೆಗಾರರು ಮಂಚದ ಪಕ್ಕದಿಂದ ಕದಲಲಿಲ್ಲ.

ಭಾವ ವಾಚಿಗೆ ಮೆತ್ತಿದ್ದ ಹಿಟ್ಟನ್ನು ಒರೆಸಿ, ತಂಗಿಯ ಜೊತೆ ಏನೋ ಪಿಸುಗುಟ್ಟಿ, ಸಲಹೆಗಾರರನ್ನು ಹೊರಗಿನ ಸೋಫಾದಲ್ಲಿ ಕೂರಿಸಿದರು. "ನಾಳೆ ಮತ್ತೆ ಹೊರಡ್ತೀನಿ, ಈ ಸಲ ದೊಡ್ಡ ಕೆಲಸ. ವಾಚು ನಿಮ್ಮ ಹತ್ರಾನೇ ಇರಲಿ," ಎಂದು ಸಲಹೆಗಾರರ ಮಣಿಕಟ್ಟಿಗೆ ಕಟ್ಟಿಯೇಬಿಟ್ಟರು.

ಸಲಹೆಗಾರರ ಕಣ್ಣಲ್ಲಿ ನೀರೇ ಬಂತು. "ಭಾವ! ಇಷ್ಟಾದ ಮೇಲೂ ನನ್ನ ಮೇಲೆ ನಂಬಿಕೆ ಇದೆಯಾ?"

"ನಿಮ್ಮ ಮೇಲಲ್ಲ, ಮುಳ್ಳಿನ ಮೇಲೆ," ಎಂದಳು ಹೆಂಡತಿ. "ದಿನಾ ಸಂಜೆ ಕೈ ತೋರಿಸ್ಬೇಕು. ಮುಳ್ಳು ಇಳಿದಿದ್ರೆ ಮಾರನೇ ದಿನ ನಿಮ್ಮ ಹಿಂದೆ ನಾನೂ ಬರ್ತೀನಿ. ಇದೂ ಬರುತ್ತೆ." ಸೀಟಿಯನ್ನು ಎತ್ತಿ ತೋರಿಸಿ ಒಮ್ಮೆ ಊದಿಯೂ ಬಿಟ್ಟಳು.

ಸಲಹೆಗಾರರು ಬೆಚ್ಚಿ ಎದ್ದು ನಿಂತರು. ಒಳಗಿನ ಕೋಣೆಯಿಂದ ಅತ್ತೆಯ ದನಿ ಅಕ್ಕರೆಯಿಂದ ತೇಲಿ ಬಂತು.

"ಬೇಜಾರ್ ಮಾಡ್ಕೋಬೇಡಿ ಅಳಿಯಂದ್ರೇ! ನೀವು ಹೇಳಿದ್ದೇನೂ ಸುಳ್ಳಾಗಲಿಲ್ಲ. ಇನ್ಮೇಲೆ ಅದನ್ನ ಕಟ್ಕೊಂಡ್ರೆ ನಿಜವಾಗ್ಲೂ ಬಿ.ಪಿ. ಇಳಿಯುತ್ತೆ... ನಿಮ್ಮದು!"