ಬೆಸ್ಟ್ ಡಿಫೆಂಡರ್‌ಗೆ ಎಡ ಪ್ರಸಾದ

"ಹೊನ್ನಾವರ ತಾಲೂಕಲ್ಲಿ ಪಕ್ಷಪಾತ ಅಂದ್ರೆ ಎಂತದು ಅಂತ ಗೊತ್ತಿಲ್ಲದ ಮನುಷ್ಯ ಒಬ್ಬನಿದ್ರೆ, ಅದು ನಾನು," ಎಂದು ರಮಾನಂದ ನಾಯ್ಕರು ಬನಿಯನ್ನಿನಲ್ಲಿ ನಿಂತು ಘೋಷಿಸಿದರು. ಕೇಳಿಸಿಕೊಳ್ಳಲು ಇದ್ದದ್ದು ಇಬ್ಬರೇ. ಒಲೆಯೆದುರು ದೋಸೆ ಹೊಯ್ಯುತ್ತಿದ್ದ ಹೆಂಡತಿ ಗಂಗಾ, ಮತ್ತು ಬೆಕ್ಕು. ಬೆಕ್ಕು ಎದ್ದು ಹೊರಗೆ ಹೋಯಿತು.

ಘೋಷಣೆಗೆ ಕಾರಣವಿತ್ತು. ಅದು ೨೦೦೪ರ ಜನವರಿ. ಹೊನ್ನಾವರದ ಮೈದಾನದಲ್ಲಿ ಫುಟ್‌ಬಾಲ್ ಪಂದ್ಯಾವಳಿ ನಡೆಯುತ್ತಿತ್ತು. ಅದೂ ಅಂತಿಂಥದ್ದಲ್ಲ, ಕೆಲವು ತಂಡಗಳು ಗೋವಾದಿಂದ ಸಂಬಳದ ಆಟಗಾರರನ್ನು ಕರೆಸಿದ್ದವು. ಇಂಥ ಪಂದ್ಯಾವಳಿಗೆ ಊರಿನ ಗಣ್ಯರು ತೀರಿಹೋದ ಹಿರಿಯರ ಸ್ಮರಣಾರ್ಥ ಒಂದೊಂದು ಬಹುಮಾನ ಕೊಡುವುದು ನಮ್ಮ ಕಡೆಯ ರೂಢಿ. ಬ್ಯಾಂಕಿನಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ ರಮಾನಂದರು ತಮ್ಮನ್ನೂ ಗಣ್ಯರ ಪಟ್ಟಿಗೆ ಸೇರಿಸಿಕೊಂಡು, ಅಪ್ಪನ ಹೆಸರಿನಲ್ಲಿ 'ಬೆಸ್ಟ್ ಡಿಫೆಂಡರ್' ಶೀಲ್ಡ್ ಕೊಡಲು ಒಪ್ಪಿದ್ದರು. ಅಪ್ಪ ಜನ್ಮದಲ್ಲಿ ಫುಟ್‌ಬಾಲ್ ಮುಟ್ಟಿದವರಲ್ಲ. ಆದರೆ ಹಿರೇಗುತ್ತಿಯ ಮನೆಯೆದುರಿನ ಮಾವಿನ ಮರವನ್ನು ನಲವತ್ತು ವರ್ಷ ದೊಣ್ಣೆ ಹಿಡಿದು ಕಾದು, ಊರ ಹುಡುಗರಿಗೆ ಒಂದು ಮಿಡಿಯೂ ದಕ್ಕದಂತೆ ನೋಡಿಕೊಂಡವರು. ಅಂಥ ಡಿಫೆಂಡರ್ ಮೂರು ತಾಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ.

ಪಂದ್ಯಾವಳಿಯ ಕಾರ್ಯದರ್ಶಿ ಅನಂತಮೂರ್ತಿ ಬಲು ಚಾಣಾಕ್ಷ. "ಶೀಲ್ಡ್ ನಿಮ್ಮದು, ತೀರ್ಮಾನವೂ ನಿಮ್ಮದೇ. ನಾವು ನಡುವೆ ಬಾಯಿ ಹಾಕುದಿಲ್ಲ," ಎಂದು ಕೈಮುಗಿದು ಹೋಗಿಬಿಟ್ಟರು. ಹಿಂದಿನ ವರ್ಷ ಈ ಬಹುಮಾನಕ್ಕೆ ಹೆಸರು ಆರಿಸಿದವರು ಮೂರು ತಿಂಗಳು ಪೇಟೆಗೆ ಹಿಂದಿನ ಓಣಿಯಿಂದ ಓಡಾಡಿದ್ದರು. ರಮಾನಂದರಿಗೆ ಅದು ನೆನಪಾಗಲಿಲ್ಲ. ತಮಗೆ ದೊಡ್ಡ ಮರ್ಯಾದೆ ಸಿಕ್ಕಿತೆಂದು ಎರಡು ದಿನ ಎದೆ ಮುಂದೆ ಮಾಡಿಕೊಂಡು ಓಡಾಡಿದರು.

ಆಮೇಲೆ ಸೆಮಿಫೈನಲ್ ಮುಗಿಯಿತು. ಗೋವಾದ ಸಂಬಳದವರಿದ್ದ ತಂಡಗಳೆಲ್ಲ ಸೋತು ಬಸ್ಸು ಹತ್ತಿದವು. ಭಾನುವಾರದ ಫೈನಲ್ಲಿಗೆ ಉಳಿದದ್ದು ಎರಡೇ: ಕುಮಟಾ ಕಡೆಯ ಹಿರೇಗುತ್ತಿ, ಭಟ್ಕಳ ಕಡೆಯ ಕಾಯ್ಕಿಣಿ. ಹಿರೇಗುತ್ತಿ ರಮಾನಂದರ ಹುಟ್ಟೂರು. ಕಾಯ್ಕಿಣಿ ಗಂಗಾಳ ತವರು. ಹಿರೇಗುತ್ತಿಯ ಹೆಸರಾಂತ ಡಿಫೆಂಡರ್ ಆರಡಿ ಎತ್ತರದ ಮಾಸ್ತಿ. ಕಾಯ್ಕಿಣಿಯ ಡಿಫೆಂಡರ್ ಗಂಗಾಳ ಚಿಕ್ಕಮ್ಮನ ಮಗ ಮೋಹನ.

"ಮತ್ತೆ, ಯಾರ್ಗೆ ಕೊಡುದು ಅಂತ ಮಾಡೀರಿ?" ಎಂದು ಗಂಗಾ ದೋಸೆ ಮಗುಚುತ್ತ ಕೇಳಿದಳು.

"ಇನ್ನೂ ಎಂತೂ ಮಾಡ್ಲಿಲ್ಲ. ನನ್ನ ಮನಸ್ಸು ಖಾಲಿ ಹಾಳೆ."

"ಆ ಹಾಳೆ ಮೇಲೆ ಮಾಸ್ತಿ ಅಂತ ಬರ್ದದ್ದು ಇಲ್ಲಿಂದ್ಲೇ ಕಾಣ್ತದೆ."

"ಮಾಸ್ತಿ ಕಾಲು ಕಂಡೀಯಾ ನೀನು? ಒಂದು ಒದ್ರೆ ಚೆಂಡು ಶರಾವತಿ ದಾಟ್ತದೆ."

"ಕಂಡೆ. ಚೆಂಡಿಗಿಂತ ಜಾಸ್ತಿ ಎದುರಿನವ್ರ ಮೊಣಕಾಲಿಗೆ ತಾಗ್ತದೆ. ನಮ್ ಮೋಹನ ಇಲ್ಲಿವರೆಗೆ ಒಂದೇ ಒಂದು ಫೌಲು ಮಾಡ್ಲಿಲ್ಲ."

"ಫೌಲು ಮಾಡುಕೆ ಹತ್ರ ಹೋಗ್ಬೇಕಲ್ಲ. ಅವ ಸೊಂಟದ ಮೇಲೆ ಕೈ ಇಟ್ಕಂಡು ದೂರ ನಿಂತಿರ್ತ, ಪೇಟೆಲಿ ಬಸ್ಸು ಕಾಯ್ದಂಗೆ."

ಗಂಗಾ ಸಟ್ಟುಗ ಕೆಳಗಿಟ್ಟಳು. "ಮದ್ವೆ ಆಗಿ ಹದಿನೈದು ವರ್ಷ ಆತು. ಕಾಯ್ಕಿಣಿ ಬದಿಂದ ಬಂದ ಮಾತು ಈ ಮನೆಲಿ ಒಂದಾದ್ರೂ ನಡೆದದ್ದುಂಟಾ? ಬಾವಿ ಅಲ್ಲಿ ತೆಗಿಬೇಡಿ ಅಂದೆ, ತೆಗೆಸಿದ್ರಿ, ಉಪ್ಪು ನೀರು ಬಂತು. ಮಾಡಿಗೆ ಆ ಹಂಚು ಬೇಡ ಅಂದೆ, ಹಾಕ್ಸಿದ್ರಿ, ಮೊದಲ್ನೇ ಮಳೆಗೇ ಸೋರ್ತು."

ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ನಿಜವಾಗಿಯೂ ನೊಂದಿದ್ದಳು. ಶೀಲ್ಡ್ ಯಾರ ಮನೆಗೆ ಹೋದರೂ ಅವಳಿಗೆ ಆಗಬೇಕಾದ್ದೇನಿರಲಿಲ್ಲ. ತನ್ನ ಮಾತನ್ನು ಗಂಡ ಒಂದು ಸಲ ಪೂರ್ತಿ ಕೇಳಿದರೆ ಸಾಕಿತ್ತು. ಬುದ್ಧಿವಂತ ಗಂಡನಾದವನು ಇಲ್ಲಿ ಸುಮ್ಮನಾಗಿ ಇನ್ನೊಂದು ದೋಸೆ ಕೇಳುತ್ತಾನೆ. ನಮ್ಮ ರಮಾನಂದರು ಲುಂಗಿ ಎತ್ತಿ ಕಟ್ಟಿದರು.

"ನಿನಗೆ ಬಾಯಲ್ಲಿ ಹೇಳಿದ್ರೆ ಅರ್ಥ ಆಗುದಿಲ್ಲ. ಮಾಸ್ತಿ ಜಾರಿ ಬಂದು ಚೆಂಡು ಕಸಿಯುದು ಹೆಂಗೆ ಅಂತ ಮಾಡೇ ತೋರಿಸ್ತೆ."

ಅಡುಗೆಮನೆಯ ಮೂಲೆಯಲ್ಲಿದ್ದ ಸಿಪ್ಪೆಯ ತೆಂಗಿನಕಾಯಿ ಚೆಂಡಾಯಿತು. ನಡುಮನೆ ಮೈದಾನವಾಯಿತು. ಗಂಗಾ ಆಗಷ್ಟೇ ಒರೆಸಿದ ಕೆಂಪು ನೆಲ ಇನ್ನೂ ಆರಿರಲಿಲ್ಲ. ಅದನ್ನು ಅವಳು ಎರಡು ಸಲ ಹೇಳಿದಳು. ನಲವತ್ತೆಂಟು ವಯಸ್ಸಿನ, ಎಂಬತ್ತು ಕೇಜಿ ತೂಕದ ಹೆಡ್ ಕ್ಲಾರ್ಕ್ ಬಾಗಿಲಿನಿಂದ ನಾಲ್ಕು ಹೆಜ್ಜೆ ಓಡಿ ಬಂದು ಕಾಲು ಚಾಚಿ ಜಾರಿದರು. ಜಾರಿದ್ದೇನೋ ಅಮೋಘ! ನಿಲ್ಲುವುದು ಹೇಗೆಂದು ಮಾತ್ರ ಮಾಸ್ತಿಯಿಂದ ಕಲಿತಿರಲಿಲ್ಲ. ತೆಂಗಿನಕಾಯಿ ಇದ್ದಲ್ಲೇ ಉಳಿಯಿತು. ರಮಾನಂದರು ಅದನ್ನು ದಾಟಿ, ಮೇಜನ್ನು ದಾಟಿ, ಟಿವಿ ಸ್ಟ್ಯಾಂಡಿಗೆ ಎರಡೂ ಪಾದ ಕೊಟ್ಟರು. ಟಿವಿ ಅಲುಗಾಡಿ ನಿಂತಿತು. ಅದರ ಮೇಲೆ ತಂದಿಟ್ಟಿದ್ದ ಶೀಲ್ಡ್ ನಿಲ್ಲಲಿಲ್ಲ.

ಶೀಲ್ಡಿನ ನೆತ್ತಿಯಲ್ಲಿದ್ದ ಹಿತ್ತಾಳೆ ಬಣ್ಣದ ಆಟಗಾರನ ಒದೆಯುವ ಕಾಲು ತೊಡೆಯ ಹತ್ತಿರ ಮುರಿದು ರಮಾನಂದರ ಹೊಟ್ಟೆಯ ಮೇಲೆ ಬಿತ್ತು.

"ಫೌಲು," ಎಂದು ಗಂಗಾ ಒಳಗೆ ಹೋದಳು.

ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡು ಕೂತು ರಮಾನಂದರೇ ಅಂಟು ತಂದು ಕಾಲು ಕೂರಿಸಿದರು. ಕನ್ನಡಕ ಹಾಕಿರಲಿಲ್ಲ. ಅಂಟು ಒಣಗಿದ ಮೇಲೆ ನೋಡಿದರೆ ಕಾಲು ಹಿಂದುಮುಂದಾಗಿ ಕೂತಿತ್ತು, ಬೆರಳು ಬೆನ್ನಿನ ಕಡೆಗೆ. ಬೆಸ್ಟ್ ಡಿಫೆಂಡರ್ ಸ್ವಂತ ಗೋಲಿಗೇ ಒದೆಯಲು ಸಿದ್ಧನಾಗಿ ನಿಂತಿದ್ದ. ಕೀಳಲು ನೋಡಿದರೆ ಅಂಟು ಜಗ್ಗಲಿಲ್ಲ.

ಅಂದಿನಿಂದ ಮನೆಯಲ್ಲಿ ಜಗಳ ನಿಂತಿತು, ಮೀನೂ ನಿಂತಿತು. ಮೀನು ಮಾರುವ ಕಮಲಿ ಬುಟ್ಟಿ ಇಳಿಸಿ, "ಬಂಗಡೆ ಜೀವ ಇದ್ದಂಗದೆ ಅಕ್ಕಾ," ಎಂದರೆ, "ನಮ್ಮನೆಲಿ ಈಗ ಬಹುಮಾನದ ವಿಷ್ಯ ನಡಿತಾ ಅದೆ, ಅದು ಮುಗಿವರೆಗೆ ಗಂಜಿ," ಎಂದು ಗಂಗಾ ಕಥೆಯೆಲ್ಲ ಹೇಳಿ ಕಳಿಸಿದಳು. ಕಮಲಿಯ ಬುಟ್ಟಿಯಲ್ಲಿ ಬಂಗಡೆ ಉಳಿಯಬಹುದು, ಸುದ್ದಿ ಉಳಿಯುವುದಿಲ್ಲ. 'ಬಹುಮಾನ ಮಾಸ್ತಿಗೆ, ಇಲ್ಲಾ ಮೋಹನಗೆ; ರಮಾನಂದಣ್ಣನ ಮನೆಲಿ ತಕರಾರಾಗದೆ' ಎಂಬುದು ಸಂಜೆಯೊಳಗೆ ಪೇಟೆಗೂ, ಮಾರನೇ ದಿನ ಹಿರೇಗುತ್ತಿಗೂ ಕಾಯ್ಕಿಣಿಗೂ ಮುಟ್ಟಿತು.

ಮೂರು ದಿನ ಗಂಜಿ, ಉಪ್ಪಿನಕಾಯಿ ಉಂಡ ರಮಾನಂದರು ನಾಲ್ಕನೇ ದಿನ ಸೋತರು. "ಇದು ನಮ್ಮಿಬ್ರಿಂದ ಮುಗಿವ ಕೆಲ್ಸ ಅಲ್ಲ. ಪ್ರಸಾದ ಕೇಳ್ವ."

ಪ್ರಸಾದ ಕೇಳುವುದೆಂದರೆ ದೇವರ ಮೂರ್ತಿಗೆ ನೀರಿನಲ್ಲಿ ಅದ್ದಿದ ಹೂವಿನ ಎಸಳುಗಳನ್ನು ಎಡಕ್ಕೂ ಬಲಕ್ಕೂ ಅಂಟಿಸಿ, ಮನಸ್ಸಿನ ಪ್ರಶ್ನೆ ಹೇಳಿಕೊಂಡು ಕಾಯುವುದು. ಬಲಗಡೆಯ ಎಸಳು ಮೊದಲು ಬಿದ್ದರೆ ಹೌದು. ಎಡಗಡೆಯದು ಬಿದ್ದರೆ ಬೇಡ. ಮದುವೆ, ಮನೆ, ಕಳೆದುಹೋದ ದನ, ಹೀಗೆ ಎಲ್ಲದಕ್ಕೂ ಜನ ಕೇಳುತ್ತಾರೆ. ಫುಟ್‌ಬಾಲಿಗೆ ಕೇಳಿದ್ದು ಇದೇ ಮೊದಲು.

ದೇವಸ್ಥಾನದ ಭಟ್ಟರು ಎಲ್ಲ ಕೇಳಿಕೊಂಡು, "ದೇವರಿಗೆ ಆಟದ ನಿಯಮ ಎಷ್ಟು ಗೊತ್ತೋ ನಾ ಕಾಣೆ, ನೋಡುವ," ಎಂದು ಎಸಳು ಅಂಟಿಸಿದರು.

"ಮಾಸ್ತಿಗೆ ಕೊಡಲಾ ದೇವರೇ?" ಎಂದು ರಮಾನಂದರು ಕಣ್ಣು ಮುಚ್ಚಿದರು. ಎಡಗಡೆಯ ಎಸಳು ಬಿತ್ತು. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಗಂಗಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

"ಹಂಗಾರೆ ಮೋಹನಗೆ ಕೊಡುದಾ?" ಎಂದು ಅವಳು ಕೇಳಿದಳು. ಮತ್ತೆ ಎಡಗಡೆಯದೇ ಬಿತ್ತು. ಈಗ ರಮಾನಂದರಿಗೆ ಸೆರಗಿಲ್ಲದ ಕಷ್ಟ.

"ದೇವರಿಗೆ ಇಬ್ಬರೂ ಬೇಡ ಅಂತ ಕಾಣ್ತದೆ," ಎಂದರು ಭಟ್ಟರು.

"ಇನ್ನೊಂದು ಕೇಳ್ಕಳ್ತೆ ಭಟ್ರೆ. ಮನಸ್ಸಲ್ಲೇ," ಎಂದಳು ಗಂಗಾ.

ಕೈಮುಗಿದು ನಿಂತಳು. ತುಸು ಹೊತ್ತಿಗೆ ಬಲಗಡೆಯ ಎಸಳು ಮೆಲ್ಲಗೆ ಜಾರಿ ಬಿತ್ತು. ಅವಳು ಅದನ್ನೇ ನೋಡುತ್ತ ನಿಂತಳು. ಭಟ್ಟರು ಕೊಟ್ಟ ತೀರ್ಥ ತೆಗೆದುಕೊಳ್ಳುವುದೂ ಮರೆತಿತ್ತು. ಏನು ಕೇಳಿದೆ ಎಂದು ರಮಾನಂದರು ದಾರಿಯುದ್ದಕ್ಕೂ ಗೋಗರೆದರು. "ಅದು ನಂಗೂ ದೇವರಿಗೂ," ಎಂದಳಷ್ಟೆ. ಆದರೆ ಅಂದು ಸಾರಿನಲ್ಲಿ ಬಂಗಡೆ ಇತ್ತು.

ಭಾನುವಾರ ಮೈದಾನ ತುಂಬಿತು. ಹಿರೇಗುತ್ತಿಯಿಂದ ಎರಡು ಲಾರಿ ಜನ, ಕಾಯ್ಕಿಣಿಯಿಂದ ಮೂರು ಟೆಂಪೊ. ರಮಾನಂದರು ಬಹುಮಾನದ ಮೇಜಿನ ಹಿಂದೆ, ಶೀಲ್ಡಿನ ಹಿಮ್ಮುಖ ಕಾಲಿಗೆ ಹಾರದ ಹೂವು ಮರೆ ಮಾಡಿ ಕೂತಿದ್ದರು. ಗಂಗಾ ಎದುರು ಬದಿಯಲ್ಲಿ, ತವರಿನ ಹೆಂಗಸರ ನಡುವೆ.

ಆಟ ಶುರುವಾದ ಐದೇ ನಿಮಿಷಕ್ಕೆ ಕಮಲಿಯ ಸುದ್ದಿಯ ಪರಿಣಾಮ ಕಂಡಿತು. ಬಹುಮಾನ ತಮ್ಮಿಬ್ಬರ ನಡುವೆಯೇ ಎಂದು ತಿಳಿದಿದ್ದ ಮಾಸ್ತಿ, ತಾನು ಕಾಯಬೇಕಾದ ಜಾಗ ಬಿಟ್ಟು ರಮಾನಂದರ ಮೇಜಿನ ಮುಂದೆಯೇ ಸುಳಿದಾಡತೊಡಗಿದ. ಚೆಂಡು ಇತ್ತ ಬರದಿದ್ದರೂ ಜಾರಿ ತೋರಿಸಿದ. ಮೋಹನ ಅಕ್ಕನ ಕಣ್ಣಿಗೆ ಬೀಳಲೆಂದು ಹೆಂಗಸರ ಬದಿಯ ಗೆರೆಗೇ ಅಂಟಿಕೊಂಡ. ಒಮ್ಮೆ ಚೆಂಡು ಬಿಟ್ಟು ಕೂದಲನ್ನೂ ಸರಿಮಾಡಿಕೊಂಡ. ಹೀಗೆ ಕಾಯ್ಕಿಣಿಯ ಬಾಗಿಲು ತೆರೆದಿತ್ತು, ಹಿರೇಗುತ್ತಿ ಒಂದು ಗೋಲು ಹೊಡೆಯಿತು. ಹಿರೇಗುತ್ತಿಯ ಬಾಗಿಲೂ ತೆರೆದಿರಬೇಕಿತ್ತು. ಆದರೆ ಅಲ್ಲಿ ಒಬ್ಬ ನಿಂತಿದ್ದ.

ಮೂವತ್ತೈದು ದಾಟಿದ ಸಣಕಲ ಮೈಯವ. ಕಾಲಲ್ಲಿ ಬೂಟಿಲ್ಲ. ಮಾಸ್ತಿ ಬಿಟ್ಟುಹೋದ ಜಾಗವನ್ನೂ ಸೇರಿಸಿ ಅವನೊಬ್ಬನೇ ಕಾಯುತ್ತಿದ್ದ. ಒಂದು ಚೆಂಡನ್ನು ಹೊಟ್ಟೆಯಿಂದ ತಡೆದ, ಒಂದನ್ನು ಬೆನ್ನಿನಿಂದ. ಕೊನೆಯ ನಿಮಿಷದಲ್ಲಿ ಗೋಲ್‌ಕೀಪರನೂ ಬಿದ್ದುಬಿಟ್ಟಾಗ, ಗೆರೆಯ ಮೇಲೆ ನಿಂತು ಮುಖವನ್ನೇ ಒಡ್ಡಿದ. ಮೂಗಿನಿಂದ ರಕ್ತ ಬಂತು, ಚೆಂಡು ಒಳಗೆ ಹೋಗಲಿಲ್ಲ. ರಮಾನಂದರು ಇದಾವುದನ್ನೂ ಸರಿಯಾಗಿ ನೋಡಲಿಲ್ಲ. ಅವರ ಕಣ್ಣು ಮಾಸ್ತಿಯಿಂದ ಮೋಹನನಿಗೆ, ಮೋಹನನಿಂದ ಮಾಸ್ತಿಗೆ ಓಡಾಡುತ್ತಿತ್ತು.

ಹಿರೇಗುತ್ತಿ ಗೆದ್ದಿತು. ಅನಂತಮೂರ್ತಿ ಮೈಕನ್ನು ರಮಾನಂದರ ಕೈಗೆ ಕೊಟ್ಟು ನಾಲ್ಕು ಹೆಜ್ಜೆ ದೂರ ನಿಂತರು. ಮಾಸ್ತಿ ಎಂದರೆ ಮೂರು ಟೆಂಪೊ ಜನ ಎದುರಿಗಿದ್ದರು. ಮೋಹನ ಎಂದರೆ ಎರಡು ಲಾರಿ. ಎರಡಕ್ಕೂ ದೇವರ ಒಪ್ಪಿಗೆ ಇರಲಿಲ್ಲ. ರಮಾನಂದರು ಮೈಕನ್ನು ಮೇಜಿನ ಮೇಲಿಟ್ಟು, ಸಾವಿರ ಜನ ನೋಡುತ್ತಿರುವಾಗ, ಸೊಂಟ ಹಿಡಿದುಕೊಂಡು ಇಡೀ ಮೈದಾನ ದಾಟಿ ಹೆಂಗಸರ ಬದಿಗೆ ನಡೆದರು.

"ಗಂಗಾ, ಯಾರ್ಗೆ ಕೊಡುದೆ?"

"ನನ್ನ ಕೇಳ್ತ್ರಾ?"

"ಹೌದು ಮಾರಾಯ್ತಿ. ನೀ ಹೇಳಿದಂಗೆ."

ಗಂಗಾ ಒಂದು ಗಳಿಗೆ ಅವರ ಮುಖ ನೋಡಿದಳು. "ಶನಿಯಾರಗೆ ಕೊಡಿ."

"ಅದ್ಯಾರು?"

"ನಿಮ್ಮೂರವ್ನೇ. ಮೂಗಿಗೆ ಹತ್ತಿ ಇಟ್ಕಂಡು ಕೂತವ. ಅವ್ನ ಹೆಂಡ್ತಿ ಲಕ್ಕಿ ಇಲ್ಲೇ ನನ್ನ ಹಿಂದೆ ಕೂತು ಆಟ ಮುಗಿವರೆಗೂ ಅವ್ನ ಹೆಸ್ರು ಕೂಗಿ ಗಂಟ್ಲು ಕಟ್ಕಂಡಳೆ. ಆಟ ನೋಡಿದವ್ರೆಲ್ಲರಿಗೂ ಗೊತ್ತದೆ."

ತವರಿನ ಹೆಂಗಸರು ಅವಳನ್ನು ದುರುಗುಟ್ಟಿ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ.

ರಮಾನಂದರು ವಾಪಸು ನಡೆದು ಹೋಗಿ ಹೆಸರು ಹೇಳಿದರು. ಲಾರಿಯವರೂ ಟೆಂಪೊದವರೂ ಒಟ್ಟಿಗೇ ಚಪ್ಪಾಳೆ ಹೊಡೆದರು; ಅದು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಮಾಸ್ತಿ, ಮೋಹನ ಇಬ್ಬರೂ ನಾಚಿಕೊಂಡೇ ಬಂದು ಶನಿಯಾರನನ್ನು ಹೆಗಲ ಮೇಲೆ ಎತ್ತಿದರು. ಅವನು ಶೀಲ್ಡ್ ತಿರುಗಿಸಿ, ಹಾರದ ಮರೆಯ ಕಾಲನ್ನು ನೋಡಿ, "ಇವ್ನಿಗೂ ನನ್ನಂಗೇ ಪೆಟ್ಟಾಗದೆ," ಎಂದು ನಕ್ಕ. ಅಪ್ಪನ ಹೆಸರು ಸರಿಯಾದ ಕೈ ಸೇರಿತ್ತು.

ಮನೆಗೆ ಹೋಗುವಾಗ ಸ್ಕೂಟರಿನ ಹಿಂದೆ ಗಂಗಾ ಕೂತಿದ್ದಳು. ರಮಾನಂದರಿಗೆ ತಡೆಯಲಾಗಲಿಲ್ಲ.

"ಹಂಗಾರೆ ಅವತ್ತು ಮೂರ್ನೇ ಪ್ರಸಾದ ಕೇಳಿದ್ದು ಶನಿಯಾರನ ಬಗ್ಗೆ?"

"ಶನಿಯಾರ ಅಂತ ಒಬ್ಬ ಇದ್ದದ್ದೇ ಅವತ್ತು ನಂಗೆ ಗೊತ್ತಿರ್ಲಿಲ್ಲ."

"ಮತ್ತೆಂತ ಕೇಳಿದ್ದು?"

"ನಮ್ಮನೆಯವ್ರು ಜನ್ಮದಲ್ಲಿ ಒಂದು ಸಲನಾದ್ರೂ ನಾ ಹೇಳಿದ್ದು ಕೇಳ್ತ್ರಾ ಅಂತ."

ಸ್ಕೂಟರ್ ತಾನಾಗಿಯೇ ನಿಧಾನವಾಯಿತು. "ಬಲಕ್ಕೇ ಬಿತ್ತಲ್ಲೆ ಅದು," ಎಂದರು ರಮಾನಂದರು, ಬಲು ಸಣ್ಣ ದನಿಯಲ್ಲಿ.

"ಬಿತ್ತು," ಎಂದಳು ಗಂಗಾ. "ಭಟ್ರು ಎಸಳು ಸಮಾ ಅಂಟಿಸ್ಲಿಲ್ಲ ಅಂದ್ಕಂಡಿದ್ದೆ."