ನಾಲ್ಕು ಕಿಟಕಿಗಳ ಪರದೆ ಮತ್ತು ತಮ್ಮ ಐದು ಲಕ್ಷ

ವಸತಿ ಇಲಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಸ್ವಂತ ಸೂರಿನಡಿ ತಾವು ಸಕುಟುಂಬರಾಗಿ ಸುಖವಾಗಿರುವಿರೆಂದು ನಂಬಿ, ಬಾಡಿಗೆ ಮನೆಯ ಅಡುಗೆಕೋಣೆಯಲ್ಲೇ ಹೊಲಿಗೆಯಂತ್ರ ಇಟ್ಟುಕೊಂಡು ಕಿಟಕಿ ಪರದೆ ಹೊಲಿಯುವ ನಾನು ಮಾಡುವ ನಮಸ್ಕಾರಗಳು. ಮೊದಲ ಬಾರಿಗೆ ಮನೆ ಕೊಳ್ಳುವವರಿಗೆ ಐದು ಲಕ್ಷ ಸಹಾಯಧನ ಕೊಡುವ ತಮ್ಮ ಯೋಜನೆಯಿಂದ ನನಗಾದ ಉಪಕಾರವನ್ನು ನಾಲ್ಕು ಜನರ ಮುಂದೆ ಹೇಳದಿದ್ದರೆ ಉಂಡ ಮನೆಗೆ ಎರಡು ಬಗೆದಂತಾದೀತೆಂಬ ಭಯದಿಂದ ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ಬಸ್ಸಿನ ಚಾಲಕರು. ಅವರ ಬಸ್ಸಿನ ಕೊನೆಯ ನಿಲ್ದಾಣದೆದುರು, ಮೂರನೆಯ ಮಹಡಿಯಲ್ಲಿ, ಎರಡು ಕೋಣೆಯ ಮನೆಯೊಂದನ್ನು ನೋಡಿಟ್ಟಿದ್ದೆವು. ನಮ್ಮ ಉಳಿತಾಯ, ಬ್ಯಾಂಕಿನ ಸಾಲ ಎಲ್ಲ ಸೇರಿಸಿದರೂ ಐದು ಲಕ್ಷ ಕಡಿಮೆ ಬೀಳುತ್ತಿತ್ತು. ತಮ್ಮ ಘೋಷಣೆ ರೇಡಿಯೋದಲ್ಲಿ ಬಂದಾಗ ಯಂತ್ರ ನಿಲ್ಲಿಸಿ ಅತ್ತುಬಿಟ್ಟೆ. ಬಾಡಿಗೆ ಮನೆ ಬದಲಾದಾಗಲೆಲ್ಲ ಶಾಲೆಯನ್ನೂ ಬದಲಿಸುವ ಮಗಳನ್ನು ಕರೆದೊಯ್ದು, ಇದು ನಿನ್ನ ಕಿಟಕಿ ಎಂದು ತೋರಿಸಿ, ನಾಲ್ಕೂ ಕಿಟಕಿಗಳ ಅಳತೆ ತಂದು ತಿಳಿಹಸಿರು ಬಟ್ಟೆ ಕತ್ತರಿಸಿದೆ. ನಮ್ಮ ಕಸುಬಿನಲ್ಲಿ ಅಳತೆ ತೆಗೆದ ಮೇಲೆ ದರ ಏರಿಸುವ ಪದ್ಧತಿಯಿಲ್ಲ. ಮನೆ ಮಾರುವವರಿಗೂ ಅದೇ ಪದ್ಧತಿಯೆಂದು ತಿಳಿದದ್ದು ನನ್ನ ದಡ್ಡತನ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆ ನಮ್ಮಂಥ ದರ್ಜಿಗಳನ್ನು ನೋಡಿಯೇ ಹುಟ್ಟಿರಬೇಕು.

ಪರದೆಗಳ ಅಂಚು ಮಡಿಸಿ ಹೊಲಿಯುವಷ್ಟರಲ್ಲಿ ಮನೆಯ ಬೆಲೆ ಐದು ಲಕ್ಷ ಏರಿತ್ತು. ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಡಿಮೆಯಿಲ್ಲ. "ನಿಮ್ಗೇನಮ್ಮ ಕಷ್ಟ? ಸರ್ಕಾರ ಕೊಡುತ್ತಲ್ಲ, ಅದನ್ನ ಹಾಗೇ ಈ ಕಡೆ ತಳ್ಳಿದ್ರಾಯ್ತು" ಎಂದರು ಕಟ್ಟಡದ ಮಾಲೀಕರು, ಬಹಳ ಪ್ರೀತಿಯಿಂದ. ತಮ್ಮ ಸಹಾಯಧನದ ಆಸೆಗೆ ಬಂದವರು ಮೆಟ್ಟಿಲುದ್ದಕ್ಕೂ ನಿಂತಿದ್ದರು. ಮನೆಗಳು ಮಾತ್ರ ಇದ್ದಷ್ಟೇ ಇದ್ದವು. ನಮ್ಮ ಹೆಸರಿನಲ್ಲಿ ಹೊರಟು, ನಮ್ಮ ಕೈಗೆ ತಾಗದೆ, ನೇರ ಮಾಲೀಕರ ಜೇಬು ಸೇರುವ ದಾನವನ್ನು ಕಂಡುಹಿಡಿದ ತಮ್ಮ ಜಾಣ್ಮೆಗೆ ಯಾವ ಶಾಲು ಹೊದಿಸಿದರೂ ಕಡಿಮೆಯೇ.

ಆದ್ದರಿಂದ ನನ್ನದೊಂದು ವಿನಂತಿ. ಮುಂದಿನ ಸಲ ಹಣವನ್ನು ಮಾಲೀಕರಿಗೇ ಕೊಟ್ಟು ನಮ್ಮ ಓಡಾಟ ತಪ್ಪಿಸಬೇಕು. ಅದು ಮುಜುಗರವೆನಿಸಿದರೆ, ಮನೆ ಮಾರುವವರೆಲ್ಲ ಗಾಢ ನಿದ್ದೆಯಲ್ಲಿರುವಾಗ ಘೋಷಣೆಯನ್ನು ನಮ್ಮ ಕಿವಿಯಲ್ಲಷ್ಟೇ ಪಿಸುಗುಟ್ಟಬೇಕು. ಇನ್ನಷ್ಟು ಮನೆ ಕಟ್ಟಿಸಿ ಎನ್ನುವಷ್ಟು ಸಣ್ಣ ಮನಸ್ಸು ನನ್ನದಲ್ಲ; ಇಟ್ಟಿಗೆ ಮುಟ್ಟಿದರೆ ಕೈ ಕೊಳೆಯಾಗುತ್ತದೆ, ಘೋಷಣೆಗಾದರೆ ಬಾಯೊಂದಿದ್ದರೆ ಸಾಕು. ನನಗೆ ಸಿಟ್ಟು ಬಂದಿದೆ ಮಾನ್ಯರೇ, ಆದರೆ ಅದಕ್ಕೂ ತಾವು ಸಹಾಯಧನ ಘೋಷಿಸಿಬಿಟ್ಟೀರೆಂದು ಇಲ್ಲಿಗೇ ನಿಲ್ಲಿಸುತ್ತೇನೆ.

ತಮ್ಮ ಉಪಕಾರದ ಭಾರಕ್ಕೆ ಬಗ್ಗಿಹೋಗಿರುವ,
ತಮ್ಮ ವಿಶ್ವಾಸಿ,
ಪರದೆ ಹೊಲಿಯುವವಳು

ಮರೆತ ಮಾತು: ಆ ಮನೆ ಮಾರಾಟವಾಯಿತು. ಕೊಂಡವರು ಮಾಲೀಕರ ಅಳಿಯ. ಅವರ ಹೆಸರಿನಲ್ಲಿ ಈವರೆಗೆ ಮನೆಯಿರಲಿಲ್ಲವಾದ್ದರಿಂದ ಅವರೂ ಮೊದಲ ಬಾರಿಗೆ ಕೊಳ್ಳುವವರೇ. ತಮ್ಮ ಐದು ಲಕ್ಷ ಅವರಿಗೇ ಸಂದಿತು. ಅವರಿಗೆ ಮಾವನ ಮನೆಯೇ ಹಿತವಾದ್ದರಿಂದ ಇದನ್ನು ಬಾಡಿಗೆಗೆ ಕೊಟ್ಟಿದ್ದಾರೆ, ನಮಗೇ. ಪರದೆಗಳು ಒಂದಂಗುಲವೂ ಹೆಚ್ಚುಕಡಿಮೆಯಿಲ್ಲದೆ ಕೂತಿವೆ. ತನ್ನ ಕಿಟಕಿಯ ಪರದೆ ಸರಿಸುತ್ತಾ ಮಗಳು ಕೇಳಿದಳು: "ಅಮ್ಮಾ, ಇದನ್ನ ಬಿಚ್ಚೋದು ಯಾವಾಗ?"